ಕಾಶ್ಯಪ ಗೋತ್ರದ ಮಿರಿಯಂ

"ಕಾಕಾ, ಅವರ ಮನಿಯವರು ಎಲ್ಲಾರೂ ಹೋಗಿಬಿಟ್ರ, ಅವರ ಪಕ್ಷ ಯಾರು ಮಾಡ್ತಾರ?"

ನನ್ನ ಮಗಳು ಸುಮತಿ ಹೀಗೆ ಕೇಳಿದಾಗ ನಾನು ಮೊರದಲ್ಲಿ ಎಳ್ಳು ಹಸನು ಮಾಡುತ್ತಿದ್ದೆ. ಕೈ ನಿಂತಿತು. ಅವಳ ಕಾಕಾ, ಎಂದರೆ ನನ್ನ ಮೈದುನ ಶ್ರೀಪಾದ, ಓದುತ್ತಿದ್ದ ಹಾಳೆಯನ್ನು ಹಾಗೇ ಹಿಡಿದುಕೊಂಡು ಕೂತ. ಅವನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಮಾತಿನಲ್ಲಿ ಯಾರಿಗೂ ಸೋತವನಲ್ಲ. ಹನ್ನೊಂದು ವರ್ಷದ ಹುಡುಗಿಯ ಮುಂದೆ ಸೋತ.

ಪಕ್ಷವೆಂದರೆ ಏನೆಂದು ನಿಮಗೆ ನಾನು ಹೇಳಬೇಕೇ? (ವಾರಪತ್ರಿಕೆಯ ನನ್ನ ಹೊಸ ಕಾಲದ ಓದುಗರಿಗಾಗಿ ಹೇಳಿಯೇ ಬಿಡುತ್ತೇನೆ. ಭಾದ್ರಪದದ ಕೊನೆಗೆ, ತೀರಿಕೊಂಡ ಹಿರಿಯರು ಬಾಯಾರಿ ಮಕ್ಕಳ ಮನೆಗೆ ಬರುವ ದಿನಗಳು. ಎಳ್ಳುನೀರು ಬಿಡಬೇಕು, ಪಿಂಡ ಇಡಬೇಕು.) ನಮ್ಮ ಮನೆಯಲ್ಲಿ ಮಾವನವರ ಪಕ್ಷ ಅಮಾವಾಸ್ಯೆಗೆ. ಅದರ ತಯಾರಿಯಲ್ಲಿದ್ದೆವು. ಹುಡುಗಿಯ ತಲೆಯಲ್ಲಿ ಅದೇ ಇತ್ತು.

ಆದರೆ ಅವಳು ಕೇಳಿದ್ದು ಯಾರ ಪಕ್ಷದ ಬಗ್ಗೆ?

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಯುದ್ಧ ಮುಗಿದು ವರ್ಷದ ಮೇಲಾಯಿತು. ಧಾರವಾಡದ ನಮ್ಮಂಥ ಹೆಂಗಸರಿಗೆ ಯುದ್ಧವೆಂದರೆ ರೇಷನ್ ಅಂಗಡಿಯ ಸರದಿ, ಸೀಮೆಎಣ್ಣೆಯಿಲ್ಲದ ಕಂದೀಲು, ಹುಡುಕಿದರೂ ಸಿಗದ ಸಕ್ಕರೆ. (ಈ ವಾರ ಅಕ್ಕಿಯಲ್ಲಿ ಕಲ್ಲು ಕಡಿಮೆ ಇದ್ದವು. ದೇವರ ದಯೆ.) ಶ್ರೀಪಾದನಿಗೆ ಮಾತ್ರ ಯುದ್ಧ ಮುಗಿದೇ ಇಲ್ಲ. ಮುಂಬಯಿಯಿಂದ ಬರುವ ಇಂಗ್ಲಿಷ್ ಪೇಪರುಗಳಲ್ಲಿ ಯಹೂದಿ ಜನರಿಗೆ ಜರ್ಮನಿಯವರು ಮಾಡಿದ್ದನ್ನು ಓದುತ್ತಾನೆ. ಓದಿದ ದಿನ ಸರಿಯಾಗಿ ಉಣ್ಣುವುದಿಲ್ಲ.

"ವೈನಿ, ರಣದಾಗ ಸೈನಿಕರನ್ನ ಕೊಂದ್ರು ಅಂದ್ರ ತಿಳೀತದ. ಇದು ಹಂಗಲ್ಲ. ಮುದುಕರು, ಬಾಣಂತ್ಯಾರು, ಹಸಗೂಸು. ಆ ಕುಲದಾಗ ಹುಟ್ಟ್ಯಾರ ಅನ್ನೋ ಒಂದ ಕಾರಣಕ್ಕ ಹುಡಿಕ್ಯಾಡಿ ಕೊಂದಾರ. ಒಂದು ಬೇರೂ ಉಳೀಬಾರದು ಅಂತ."

"ಎಂಥಾ ರಾಕ್ಷಸರಪ್ಪಾ!" ಎಂದೆ.

"ರಾಕ್ಷಸರಲ್ಲ ವೈನಿ. ಮುಂಜಾನೆ ಉಂಡು ಕಚೇರಿಗೆ ಹೋಗೋ ಮಂದಿ. ಹೆಸರು ಬರಕೊಂಡ್ರು, ಅವರನ್ನ ಸಾವಿಗೆ ಒಯ್ಯೋ ರೈಲಿನ ವ್ಯಾಳ್ಯಾ ಹೊಂದಿಸಿದ್ರು, ಸಂಜೀಕ ಮನಿಗೆ ಬಂದು ತಮ್ಮ ಕೂಸು ಎತ್ತಿಕೊಂಡು ಆಡಿಸಿದ್ರು."

ನಮ್ಮ ಮನೆಯವರು ಅದೇ ಆಗ ಕಚೇರಿಗೆ ಹೊರಟಿದ್ದರು. ರುಮಾಲು ಕೈಯಲ್ಲೇ ಉಳಿಯಿತು. "ನಾನೂ ಗುಮಾಸ್ತ ಇದ್ದೇನೋ ಮಾರಾಯಾ. ಹೋಗೋ ಹೊತ್ತಿನ್ಯಾಗ ಹಿಂಗ ಹೇಳಬ್ಯಾಡ" ಎಂದರು. ನಗಲು ನೋಡಿದರು. ನಗು ಬರಲಿಲ್ಲ.

ಇದನ್ನೇ ಶ್ರೀಪಾದ ತನ್ನ ಬಿ.ಎ. ಹುಡುಗರಿಗೆ ಪಾಠ ಮಾಡಿದ. ಸಿಲಬಸ್ಸಿನಲ್ಲಿ ಇಲ್ಲ. ಇದ್ದ ಪಾಠ ಲಗುಬಗೆಯಿಂದ ಮುಗಿಸಿ ತಾನೇ ಸೇರಿಸಿಕೊಂಡ. ಆ ದಿನ ಮನೆಗೆ ಬಂದವನ ಮುಖ ನೋಡಿ, ಹೇಗಾಯಿತೆಂದು ಕೇಳಿದೆ.

"ಭಾಳ ಛಲೋ ಆತು ವೈನಿ. ಎಲ್ಲಾರೂ ತಲಿ ಬಗ್ಗಿಸಿ ನೋಟ್ಸ್ ಬರಕೊಂಡ್ರು. ಸತ್ತವರ ಲೆಕ್ಕಾ ಹೇಳಿದೆ, ಅದರ ಕೆಳಗ ಗೆರಿ ಎಳಕೊಂಡ್ರು. ಕಡೀಕ ಒಬ್ಬಾಂವ ಎದ್ದು, 'ಸರ್, ಇದು ಪರೀಕ್ಷಾಕ್ಕ ಬರ್ತದೇನ್ರಿ?' ಅಂದ."

"ನೀ ಏನಂದಿ?"

"ಬರೂದಿಲ್ಲಪಾ ಅಂದೆ. ಎಲ್ಲಾರೂ ಪೆನ್ನು ಮುಚ್ಚಿದ್ರು."

ಪಾಪ, ಹುಡುಗರದೇನು ತಪ್ಪು? ಲಕ್ಷ ಲಕ್ಷ ಜನ ಎಂದರೆ ಯಾರ ಎದೆಗೆ ಏನು ತಟ್ಟಬೇಕು? ಲಕ್ಷಬತ್ತಿಯ ವ್ರತ ಹಿಡಿದವರನ್ನು ಕೇಳಿ ನೋಡಿ. ದೀಪ ಹಚ್ಚಿದ ದಿನ ನೋಡಲು ಬಂದವರಿಗೆ ಅದು ಬರೇ ಲಕ್ಷ. ವರ್ಷವಿಡೀ ಕೂತು ಹೊಸೆದವಳಿಗೆ ಮಾತ್ರ ಅದು ಒಂದು ಬತ್ತಿ, ಮತ್ತೊಂದು ಬತ್ತಿ, ಮತ್ತೊಂದು.

ಶ್ರೀಪಾದನಿಗೂ ಹಾಗೇ ಅನ್ನಿಸಿರಬೇಕು. ಹುಬ್ಬಳ್ಳಿಯ ಪ್ರೆಸ್ಸೊಂದು ಮಕ್ಕಳಿಗಾಗಿ ಚಿಕ್ಕ ಚಿಕ್ಕ ಪುಸ್ತಕ ಹಾಕುತ್ತಿತ್ತು. ಅವರು ಬಹಳ ದಿನದಿಂದ ಏನಾದರೂ ಬರೆದುಕೊಡಿ ಎಂದು ಬೆನ್ನು ಹತ್ತಿದ್ದರು. ಇದನ್ನೇ ಕಥೆ ಮಾಡಿ ಬರೆಯುತ್ತೇನೆಂದು ಕೂತ. ಒಬ್ಬಳೇ ಹುಡುಗಿಯ ಕಥೆ. ಹೆಸರು ಮಿರಿಯಂ. ಅಪ್ಪ ಗಡಿಯಾರ ರಿಪೇರಿ ಮಾಡುವವನು. ಶುಕ್ರವಾರ ಸಂಜೆ ತಾಯಿ ತಲೆಯ ಮೇಲೆ ಸೆರಗಿನಂತೆ ಬಟ್ಟೆ ಹೊದ್ದು ದೀಪ ಹಚ್ಚುತ್ತಾಳೆ. (ಶುಕ್ರವಾರದ ದೀಪ! ನನಗೆ ಅಲ್ಲಿಯೇ ಆ ತಾಯಿ ನಮ್ಮ ಓಣಿಯವಳಾಗಿಬಿಟ್ಟಳು.)

ಬರೆದಷ್ಟನ್ನು ರವಿವಾರ ಮಧ್ಯಾಹ್ನ ಸುಮತಿಗೆ ಓದಿ ಹೇಳುತ್ತಿದ್ದ. ಅವಳು ಅಡುಗೆಮನೆಯ ಹೊಸ್ತಿಲಿಗೆ ಆತುಕೊಂಡು ಕೇಳುತ್ತಿದ್ದಳು. ಮೊದಲು ಮಿರಿಯಂಳ ನೆರೆಯವರು ಮಾತು ಬಿಟ್ಟರು. ಆಮೇಲೆ ಸಾಲೆಯಲ್ಲಿ ಅವಳನ್ನು ಬೇರೆ ಕೂರಿಸಿದರು. ಆಮೇಲೆ ಹುಡುಗರು ಆಡುವ ತೋಟಕ್ಕೆ ಬರಬೇಡ ಎಂದರು. ಒಂದು ಮುಂಜಾನೆ ಓಣಿಗೆ ಓಣಿಯನ್ನೇ ರೈಲು ಹತ್ತಿಸಿದರು. ಯಾರೂ ತಿರುಗಿ ಬರಲಿಲ್ಲ. ಅಪ್ಪನ ಅಂಗಡಿಯಲ್ಲಿ ಗಡಿಯಾರಗಳು ಕೀಲಿ ಕೊಡುವವರಿಲ್ಲದೆ ಒಂದೊಂದಾಗಿ ನಿಂತವು.

ಅಲ್ಲಿಗೆ ಕಥೆ ಮುಗಿಯಿತು. ಆಗ ಸುಮತಿ ಆ ಪ್ರಶ್ನೆ ಕೇಳಿದಳು.

ದೇವರಮನೆಯಿಂದ ನಮ್ಮ ಅತ್ತೆಯವರ ದನಿ ಬಂತು. "ಹುಡುಗೀಗೆ ಹೇಳೋ ಕಥೀ ಏನೋ ಇದು? ಕಾಲೇಜಿನ್ಯಾಗಿನ ಹೊಲಸು ಮನ್ಯಾಗ ಯಾಕ ತರ್ತಿ? ಆ ಹಾಳಿ ಒಲಿಗೆ ಹಾಕು ಮೊದಲ!"

ಮನಸ್ಸಿನಲ್ಲಿ ನಾನೂ ಅತ್ತೆಯವರ ಪಕ್ಕದಲ್ಲೇ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ?

ಸುಮತಿ ಅಳಲಿಲ್ಲ. ಹೆದರಲೂ ಇಲ್ಲ. ಆದರೆ ಮರುದಿನದಿಂದ ಊಟಕ್ಕೆ ಕೂತಾಗ ಅವಳ ತಂಬಿಗೆಯ ನೀರು ಹಾಗೇ ಇರತೊಡಗಿತು. ಉಪ್ಪಿನಕಾಯಿ ತಿಂದರೂ ಕುಡಿಯಲೊಲ್ಲಳು.

"ಯಾಕವಾ? ಬಿಕ್ಕು ಹತ್ತೀತು, ಕುಡಿ."

"ಆಕಿಗೆ ಇರ್ಲಿ."

"ಯಾರಿಗೆ?"

"ಮಿರಿಯಂಗ. ಅಜ್ಜಾಗ ಬಾಯಾರ್ಕಿ ಆಗ್ತದ, ಬರ್ತಾನ ಅಂತಿ. ಅಜ್ಜಾಗ ಅಪ್ಪ ಇದ್ದಾನ, ಕಾಕಾ ಇದ್ದಾನ. ಆಕಿಗೆ ಯಾರಿದ್ದಾರ?"

ಪಕ್ಷದ ಮಾತನ್ನು ಅವಳಿಗೆ ಕಲಿಸಿದವಳು ನಾನೇ. ಹಿರಿಯರು ಬರುತ್ತಾರೆ, ನೀರು ಬೇಡುತ್ತಾರೆ, ಬರಿಗೈಲಿ ಕಳಿಸಬಾರದು ಎಂದದ್ದು ನಾನೇ. ಅವಳು ನಂಬಿದ್ದಾಳೆ. ಈಗ ಅರ್ಧ ನಂಬು, ಅರ್ಧ ಬಿಡು ಎನ್ನಲೇ?

ಶ್ರೀಪಾದ ಆ ತಂಬಿಗೆ ನೋಡಿ ಎದ್ದುಹೋದ. ಹಿತ್ತಲಲ್ಲಿ ನನ್ನನ್ನು ಕರೆದು, "ತಪ್ಪಾತು ವೈನಿ. ಕೂಸಿನ ಮ್ಯಾಲೆ ಇಂಥಾ ಭಾರ ಹಾಕಬಾರದಿತ್ತು. ಪುಸ್ತಕ ಬ್ಯಾಡ. ಪ್ರೆಸ್ಸಿನವರಿಗೆ ಇಲ್ಲಂತ ಹೇಳಿಬಿಡ್ತೇನಿ. ಕಾಲೇಜಿನ್ಯಾಗೂ ಸಾಕು" ಎಂದ.

ಕೇಳಿ ಮೊದಲು ಹಗುರಾಯಿತು. ಆಮೇಲೆ ಹಾಗೆನ್ನಿಸಲಿಲ್ಲ. ಇವನು ಬರೆಯುವುದನ್ನು ನಿಲ್ಲಿಸಿದರೆ ನನ್ನ ಮಗಳು ನೀರು ಕುಡಿಯುತ್ತಾಳೆಯೇ? ಕೇಳಿದ ಕಥೆಯನ್ನು ಕಿವಿಯಿಂದ ಹೊರಗೆ ತೆಗೆಯಲಿಕ್ಕೆ ಬರುತ್ತದೆಯೇ? ಪ್ರಶ್ನೆ ಹುಟ್ಟಿಯಾಗಿತ್ತು. ಉತ್ತರವಿಲ್ಲದೆ ಅದನ್ನು ಹುಡುಗಿಯ ಕೈಯಲ್ಲಿ ಬಿಟ್ಟು ನಾವು ದೊಡ್ಡವರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೇ?

"ಅಮಾಸಿ ತನಕಾ ತಡಿಯಪಾ" ಎಂದೆ. "ಆಚಾರ್ರು ಬರ್ತಾರ. ಅವರನ್ನ ಕೇಳೋಣ."

"ಆಚಾರ್ರಿಗೆ ಜರ್ಮನಿ ಗೊತ್ತೇನು?"

"ನೀರು ಬಿಡೂದು ಗೊತ್ತದಲ್ಲ."

ಅಮಾವಾಸ್ಯೆಯ ದಿನ ಪುರೋಹಿತರ ಅವಸರ ನಿಮಗೆ ಗೊತ್ತೇ ಇದೆ. ಒಂದು ಮನೆಯ ಪಿಂಡ ಮುಗಿಯುವುದರೊಳಗೆ ಇನ್ನೊಂದು ಮನೆಯವರು ಬಾಗಿಲಲ್ಲಿ ನಿಂತಿರುತ್ತಾರೆ. ನಮ್ಮ ಆಚಾರ್ಯರು ಬಂದವರೇ "ಲಗೂ ಲಗೂ" ಎಂದು ಶುರು ಮಾಡಿದರು. ನಮ್ಮ ಮನೆಯವರು ಬೆರಳಿಗೆ ದರ್ಭೆ ಹಾಕಿಕೊಂಡು ಕೂತರು. ಪಕ್ಕದಲ್ಲಿ ಶ್ರೀಪಾದ. ಮಾವನವರ ಹೆಸರು, ಅವರ ತಂದೆಯ ಹೆಸರು, ಅಜ್ಜನ ಹೆಸರು, ನಾನು ನೋಡದ ಎಷ್ಟೋ ಅತ್ತೆ ಮಾವಂದಿರ ಹೆಸರು. ಎಳ್ಳುನೀರು ಹರಿವಾಣಕ್ಕೆ ಬೀಳುತ್ತಿತ್ತು. ಸುಮತಿ ಹೊಸ್ತಿಲ ಆಚೆ ನಿಂತು ಒಂದೊಂದು ಹೆಸರನ್ನೂ ಕೇಳುತ್ತಿದ್ದಳು.

ಕ್ರಿಯೆಯ ನಡುವೆ ಹೆಂಗಸರು ಬಾಯಿ ಹಾಕುವುದು ನಮ್ಮಲ್ಲಿ ಪದ್ಧತಿಯಲ್ಲ. ಧೈರ್ಯ ಮಾಡಿದೆ.

"ಆಚಾರ್ರ, ಹಿಂದ ಯಾರೂ ಉಳೀದಂಥವರಿಗೆ ನೀರು ಬಿಡ್ಲಿಕ್ಕೆ ಬರ್ತದೇನ್ರಿ?"

ಅತ್ತೆಯವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

"ಬರ್ತದಲ್ಲವಾ" ಎಂದರು ಆಚಾರ್ಯರು. "ಧರ್ಮಪಿಂಡ ಇಡೂದು ಮತ್ಯಾಕ? ತಾಯಿಲ್ಲ, ತಂದಿಲ್ಲ, ಬಂಧು ಇಲ್ಲ ಅನ್ನೋರಿಗೇ ಅದು. ವರ್ಷಾ ನಿಮ್ಮ ಮನ್ಯಾಗೂ ಇಡತೇವಿ. ನೀವು ಒಳಗ ವಡಿ ಕರೀತಿರ್ತೀರಿ, ನೋಡಿಲ್ಲ."

"ಅವರು ನಮ್ಮ ದೇಶದವರ ಇರಬೇಕೇನ್ರಿ?" ಸುಮತಿ ಕೇಳಿದಳು.

ಆಚಾರ್ಯರು ಚಾಳೀಸಿನ ಮೇಲಿನಿಂದ ಅವಳನ್ನು ನೋಡಿದರು. "ಮಂತ್ರದಾಗ ಹಂಗೇನ ಹೇಳಿಲ್ಲವಾ."

ಅತ್ತೆಯವರಿಗೆ ತಡೆಯಲಾಗಲಿಲ್ಲ. "ಆಚಾರ್ರ, ಅವರು ಯಾವ ಕುಲಾನೋ ಏನೋ! ಗೋತ್ರ ಇಲ್ಲ, ಸೂತ್ರ ಇಲ್ಲ. ಎಲ್ಲಿಯೋ ಜರ್ಮನಿ ಕಡಿಯವರು!"

"ಗೋತ್ರ ಗೊತ್ತಿಲ್ಲಂದ್ರ ಕಾಶ್ಯಪ ಅನಬೇಕು, ರಾಧಾಬಾಯಿ. ಇದೇನು ನಾ ಇವತ್ತ ಹುಟ್ಟಿಸಿ ಹೇಳಲಿಕ್ಕತ್ತಿಲ್ಲ, ಮೊದಲಿಂದ ಬಂದ ರಿವಾಜು. ಕಶ್ಯಪ ಎಲ್ಲಾರಿಗೂ ಮೂಲಪುರುಷ. ಆತು, ಹೆಸರೇನು? ಲಗೂ ಹೇಳ್ರಿ, ಇನ್ನೂ ಭಾಳ ಮನಿ ಅವ."

"ಮಿರಿಯಂ" ಎಂದಳು ನನ್ನ ಮಗಳು.

ಶ್ರೀಪಾದ ತಲೆಯೆತ್ತಿದ. ಅವನ ದನಿ ಬಹಳ ಮೆತ್ತಗಾಗಿತ್ತು. "ಸುಮೀ, ಆ ಹೆಸರು ಕಥೀಗಂತ ನಾ ಇಟ್ಟದ್ದವಾ. ಖರೇ ಹುಡುಗೀ ಹೆಸರು ನನಗ ಗೊತ್ತಿಲ್ಲ."

"ಅಷ್ಟು ಮಂದ್ಯಾಗ ಆ ಹೆಸರಿನಾಕಿ ಒಬ್ಬಾಕಿನೂ ಇರಲಿಲ್ಲೇನು ಕಾಕಾ?"

ಶ್ರೀಪಾದ ಉತ್ತರೀಯದ ತುದಿಯಿಂದ ಕಣ್ಣೊತ್ತಿಕೊಂಡ. (ಹೊಗೆ ಎಂದ. ಹೋಮವೇ ಇರಲಿಲ್ಲ.) ನಮ್ಮ ಮನೆಯವರು ಏನೂ ಕೇಳದೆ ಬೊಗಸೆಗೆ ಎಳ್ಳು ಹಾಕಿಕೊಂಡರು. ಆಚಾರ್ಯರು ಮಾವನವರ ಹೆಸರು ಹೇಳಿದ ಅದೇ ರಾಗದಲ್ಲಿ, ಒಂದು ಅಕ್ಷರವನ್ನೂ ನುಂಗದೆ, ಕಾಶ್ಯಪ ಗೋತ್ರದ ಮಿರಿಯಂ ಎಂದು ಸಂಸ್ಕೃತದಲ್ಲಿ ಹೇಳಿದರು. ಹೆಬ್ಬೆರಳಿನ ಪಕ್ಕದಿಂದ ನೀರು ಇಳಿಯಿತು.

ಅವರಿಗೆ ಅವರದೇ ದೇವರಿದ್ದಾನೆ, ಅವರದೇ ಪ್ರಾರ್ಥನೆ ಇದೆಯೆಂದು ನನಗೂ ಗೊತ್ತು. ನಮ್ಮ ನೀರು ಅಲ್ಲಿಗೆ ಮುಟ್ಟುತ್ತದೆಯೇ? ಗೊತ್ತಿಲ್ಲ. ನಮ್ಮ ಮಾವನವರಿಗೆ ಮುಟ್ಟಿದ್ದನ್ನೂ ನಾನು ನೋಡಿ ಬಂದಿಲ್ಲ. ನಂಬಿ ಬಿಡುತ್ತೇವೆ.

ಊಟಕ್ಕೆ ಕೂತಾಗ ಸುಮತಿ ತಂಬಿಗೆ ಎತ್ತಿ ಗಟಗಟ ಕುಡಿದಳು. ಮತ್ತೆ ನೀರು ಬೇಡಿದಳು. ವಡೆಯನ್ನೂ ಬೇಡಿದಳು. ಆ ಖಾಲಿ ತಂಬಿಗೆ ನೋಡಿ ನಾನು ಒಳಗೆ ಹೋಗಿ ದೇವರಿಗೆ ಕೈ ಮುಗಿದು ಬಂದೆ. ನನಗೆ ಅಷ್ಟು ಸಾಕಾಗಿತ್ತು.

ಶ್ರೀಪಾದ ಎಲೆಯ ಮುಂದೆಯೇ ಹೇಳಿದ. "ಬರೀತೇನಿ ವೈನಿ. ಆದ್ರ ನಿಂತ ಗಡಿಯಾರಕ್ಕ ಮುಗಸೂದಿಲ್ಲ. ಸುಮಿ ಕೇಳಿದ ಮಾತಿಗೆ ಮುಗಸ್ತೇನಿ. ಓದಿದ ಹುಡುಗರು ತಾವೇನು ಮಾಡಬೇಕೋ ಹುಡಿಕ್ಯಾಡಲಿ. ಕಾಲೇಜಿನ್ಯಾಗೂ ಹಂಗ. ಮೊದಲ ಒಬ್ಬಾಕಿ, ಆಕಿ ಮನಿ, ಆಕಿ ಓಣಿ. ಲಕ್ಷದ ಲೆಕ್ಕಾ ಆಮ್ಯಾಲೆ."

ಅತ್ತೆಯವರು ಮಜ್ಜಿಗೆ ಅನ್ನ ಕಲಸುತ್ತ ಕೂತಿದ್ದರು. ಯಾರ ಮುಖವನ್ನೂ ನೋಡದೆ, "ಆ ಹುಡುಗೀ ತಾಯಿ ಹೆಸರೂ ಹೇಳಬೇಕಿತ್ತಲ್ಲೋ. ದೀಪಾ ಹಚ್ಚತಿದ್ಲು ಅಂತಿ" ಎಂದರು.

ಇಲ್ಲಿಗೇ ನಿಲ್ಲಿಸಿದ್ದರೆ ಈ ವಾರದ ಬರಹ ಚೆಂದವಾಗಿ ಮುಗಿಯುತ್ತಿತ್ತು. ಆದರೆ ಊಟವಾದ ಮೇಲೆ ನಾನು ಉಳಿದ ಅಡುಗೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಹೋದೆ. ನಮ್ಮ ಓಣಿ ಕಸ ಹೊಡೆಯುವ ದುರಗವ್ವ ಇಂಥ ದಿನ ಬಂದು ಅಲ್ಲಿ ನಿಲ್ಲುತ್ತಾಳೆ. ಅವಳು ಸೆರಗೊಡ್ಡುತ್ತಾಳೆ, ನಾವು ಮುಟ್ಟದಂತೆ ಮೇಲಿನಿಂದ ಹಾಕುತ್ತೇವೆ. ಕುಡಿಯುವ ನೀರನ್ನೂ ಎತ್ತರದಿಂದ ಅವಳ ಬೊಗಸೆಗೆ ಹೊಯ್ಯುತ್ತೇವೆ. ಇದು ಎಲ್ಲರ ಮನೆಯಲ್ಲೂ ನಡೆದುಬಂದದ್ದು. ನಾನು ಹೊಸದಾಗಿ ಕಂಡದ್ದೇನಲ್ಲ.

ಹಿಂದೆ ಸುಮತಿ ಬಂದು ನಿಂತಳು. ನನ್ನ ಕೈಯನ್ನು ಮಾತ್ರ ನೋಡುತ್ತಿದ್ದಳು.

ನಾನು ಕೈ ಇಳಿಸಿದೆ. ವಡೆಯನ್ನು ದುರಗವ್ವನ ಕೈಗೇ ಕೊಡಹೋದೆ. ಬೆಂಕಿ ಕಂಡವಳ ಹಾಗೆ ಅವಳೇ ಹಿಂದೆ ಸರಿದಳು.

"ಬ್ಯಾಡ್ರೀ ಯವ್ವಾ! ಮುಟ್ಟಿಗಿಟ್ಟೇನು. ಏನ್ ಮಾಡಾಕತ್ತೀರಿ? ಯಾವತ್ತಿನಂಗ ಮ್ಯಾಲಿಂದ ಹಾಕ್ರಿ. ದೊಡ್ಡವ್ವಾರು ನೋಡ್ಯಾರು."

ಅವಳು ಸೆರಗು ಇನ್ನಷ್ಟು ದೂರ ಹಿಡಿದಳು. ನನ್ನ ಕೈ ರೂಢಿಯ ಪ್ರಕಾರ ತಾನಾಗಿಯೇ ಮೇಲೆದ್ದಿತು.

ಏಳು ಸಮುದ್ರದ ಆಚೆ ಹೋಗಿ ಮುಟ್ಟಿದ ನಮ್ಮ ಕಾಶ್ಯಪ ಗೋತ್ರಕ್ಕೆ ಹಿತ್ತಲ ಬಾಗಿಲು ಅಷ್ಟು ದೂರವೇ?