ಮಷಿನಕ್ಕನ ಬಲಗಿವಿಯ ಮಚ್ಚೆಗಳು

ಹೊಲಿಗೆ ಮಷಿನ್ ರಿಪೇರಿಯಲ್ಲಿ ಅವಳದು ಎತ್ತಿದ ಕೈ. ಬೀದಿಗೆಲ್ಲ ಅವಳು ಮಷಿನಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ತಮ್ಮ ಮಗನಿಗಾದರೂ ನೆನಪಿದೆಯೋ ಇಲ್ಲವೋ ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ಯಾವ ಮಷಿನ್ ಮುಂದೆ ಕೂತರೂ ಅವಳು ಮೊದಲು ಸ್ಕ್ರೂಡ್ರೈವರ್ ತೆಗೆಯುತ್ತಿರಲಿಲ್ಲ. ಬಲಗಿವಿಯನ್ನು ಅದರ ಮೈಗೆ ಆನಿಸಿ, ಕಣ್ಣು ಮುಚ್ಚಿ, ಪೆಡಲ್ ತುಳಿಯಲು ಹೇಳುತ್ತಿದ್ದಳು. ಸೂಜಿ ಎಲ್ಲಿ ತಾಗುತ್ತಿದೆ, ಎಣ್ಣೆ ಎಲ್ಲಿ ಒಣಗಿದೆ, ಬೆಲ್ಟು ಎಷ್ಟು ಸಡಿಲವಾಗಿದೆ, ಎಲ್ಲ ಆ ಕಿವಿಗೆ ಗೊತ್ತಾಗುತ್ತಿತ್ತು. ಕಿವಿಯ ಅಂಚಿನಲ್ಲಿ ಹುಟ್ಟಿದಾಗಿನಿಂದ ಒಂದು ಕಪ್ಪು ಮಚ್ಚೆ. ಅವಳ ವಿದ್ಯೆಯ ಸ್ವಿಚ್ಚೇ ಅದು ಎಂದು ಗಿರಾಕಿಗಳು ತಮಾಷೆ ಮಾಡಿದರೆ ಅವಳೂ ಅಲ್ಲ ಅನ್ನುತ್ತಿರಲಿಲ್ಲ.

ಒಮ್ಮೆ ಶಾಲೆಯ ಹಿಂದಿನ ಟೈಲರ್ ಅಂಗಡಿಗೆ ಎಣ್ಣೆ ಬಿಡಲು ಹೋದಾಗ ಮಷಿನ್ ಒಳಗೆ ದಬ್ ದಬ್ ಎಂದು ಸದ್ದು ಕೇಳಿಸಿತು. ತನಗೇನೂ ಕೇಳಿಸುತ್ತಿಲ್ಲವಲ್ಲ ಎಂದು ಟೈಲರ್ ರಾಗ ಎಳೆದ. ಅವಳು ಕಿವಿಗೇ ಹಾಕಿಕೊಳ್ಳದೆ ಮಷಿನನ್ನು ಪೂರ್ತಿ ಬಿಚ್ಚಿ, ಹಳೆ ಪೇಪರಿನ ಮೇಲೆ ಹರಡಿ, ಒರೆಸಿ, ಮತ್ತೆ ಜೋಡಿಸಿದಳು. ಸದ್ದು ಹಾಗೇ ಇತ್ತು. ಪರದೆ ಹೊಲಿಯುವ ಹೆಂಗಸಿನ ಮಷಿನಿನಲ್ಲೂ ಅದೇ ಸದ್ದು, ಬ್ಯಾಗ್ ಅಂಗಡಿಯ ದೊಡ್ಡ ಮಷಿನಿನಲ್ಲೂ ಅದೇ. ಅವನ್ನೂ ಬಿಚ್ಚಿ ಜೋಡಿಸಿದ್ದಾಯಿತು. ಮಷಿನ್‌ಗಳಿಗೆಲ್ಲ ಏನೋ ಅಂಟುರೋಗ ಬಡಿದಿದೆ ಎಂದು ಊಟಕ್ಕೆ ಕೂತಾಗ ಗಂಡನ ಹತ್ತಿರ ತೋಡಿಕೊಂಡಳು. ಅವನು ಹೂಂಗುಟ್ಟಿ ಸಾರು ಬಡಿಸಿಕೊಂಡ.

ಗುಟ್ಟು ಬಯಲು ಮಾಡಿದ್ದು ಅತ್ತೆ. ಮರುದಿನ ಸೊಸೆ ಫ್ರಿಜ್ಜಿಗೆ ಕಿವಿ ಆನಿಸಿ ನಿಂತಿದ್ದು ಅವರ ಕಣ್ಣಿಗೆ ಬಿತ್ತು. ಇದರಲ್ಲೂ ದಬ್ ದಬ್ ಅನ್ನುತ್ತಿದೆ ಎಂದಳು ಸೊಸೆ. ಅತ್ತೆ ಹೋಗಿ ಪ್ಲಗ್ ಕಿತ್ತರು. ಸದ್ದು ನಿಲ್ಲಲಿಲ್ಲ.

"ಹಾಗಾದ್ರೆ ಗೋಡೆಗೆ ಕಿವಿ ಇಟ್ಟು ನೋಡು."

ಗೋಡೆಯಲ್ಲೂ ಸದ್ದು. ದಿಂಬಿನಲ್ಲೂ ಸದ್ದು.

"ಕೆಟ್ಟಿರೋದು ಮಷಿನ್ ಅಲ್ಲ ಕಣೇ," ಅಂದರು ಅತ್ತೆ, "ಮಷಿನಕ್ಕ."

ಕಿವಿ ಡಾಕ್ಟರಮ್ಮ ಲೈಟು ಹಿಡಿದು ಒಳಗೆ ಇಣುಕಿದರು. ಹೊರಗಿನ ಮಚ್ಚೆಗೆ ಒಳಗೊಬ್ಬಳು ತಂಗಿ ಇದ್ದಳು. ಕಿವಿಯ ತೂತಿನ ಬಾಯಲ್ಲೇ ಕಾಳಿನಷ್ಟು ದಪ್ಪಗೆ ಕೂತು, ಹಿಂದೆ ಗುಗ್ಗೆ ಕಟ್ಟುವಂತೆ ಮಾಡಿದ್ದಳು. ದಾರಿ ಮುಚ್ಚಿಹೋದ ಕಿವಿಗೆ ಕೇಳಿಸುತ್ತಿದ್ದದ್ದು ಮಷಿನಕ್ಕನದೇ ನಾಡಿ ಬಡಿತ.

"ಇದು ಕೆಟ್ಟ ಜಾತೀದಾ ಡಾಕ್ಟ್ರೇ?" ಕೇಳಿದಳು ಮಷಿನಕ್ಕ.

"ನೋಡಿದ್ರೆ ಸಾದಾ ಮಚ್ಚೆ ಥರಾನೇ ಇದೆ. ಅಡ್ಡ ಕೂತಿದೆಯಲ್ಲ, ತೆಗೆದು ಪರೀಕ್ಷೆಗೆ ಕಳಿಸೋಣ. ಹೊರಗಿಂದು ಅದರ ಪಾಡಿಗೆ ಅದಿರಲಿ."

ಮರಗಟ್ಟಲು ಒಂದು ಇಂಜೆಕ್ಷನ್ ಕೊಟ್ಟು ತೆಗೆದುಹಾಕಿದರು. ಕಾಯಿಸಿದ್ದು ರಿಪೋರ್ಟು. ಅಷ್ಟು ದಿನ ಮಷಿನಕ್ಕ ಟೂಲ್ ಬ್ಯಾಗ್ ಮುಟ್ಟಲಿಲ್ಲ. ಸೊಸೆಯ ಅಡುಗೆ ಬಾಯಿಗೆ ರುಚಿಸುತ್ತಿಲ್ಲ ಎಂದು ನೆಪ ತೆಗೆದು ಅತ್ತೆಯೇ ಒಲೆ ಮುಂದೆ ನಿಂತರು. ಕೊನೆಗೆ, ಏನೂ ಅಪಾಯವಿಲ್ಲದ ಮಚ್ಚೆ ಎಂದು ರಿಪೋರ್ಟ್ ಬಂದಾಗ, ಬೀದಿಗೆಲ್ಲ ಸುದ್ದಿ ಹಂಚಿದವರೂ ಅವರೇ.

ಕಿವಿಯ ಗಾಯ ಮಾಗಿದ ಮೇಲೆ ಮಷಿನಕ್ಕ ಟೈಲರ್ ಹತ್ತಿರ ತಪ್ಪೊಪ್ಪಿಕೊಳ್ಳಲು ಹೋದಳು. ಅವನು ಕತ್ತರಿ ಕೆಳಗಿಟ್ಟು, ಸುತ್ತಮುತ್ತ ನೋಡಿ, ದನಿ ತಗ್ಗಿಸಿದ.

"ನಿಮ್ಮ ವಿಷಯ ಕೇಳಿ ನಾನೂ ಆ ಡಾಕ್ಟರಮ್ಮನ ಹತ್ರ ಹೋಗಿದ್ದೆ ಅಕ್ಕಾ. ನೀವು ಬಿಚ್ಚಿ ಜೋಡಿಸಿದಾಗಿಂದ ಮಷಿನ್ ಕಟಕಟ ಅಂತಿದೆ. ನೀವು ಕೈಯಿಟ್ಟ ಮಷಿನ್ ಸದ್ದು ಮಾಡೋದುಂಟಾ? ನನ್ನ ಕಿವಿಗೇ ಏನೋ ಆಗಿದೆ ಅಂದ್ಕೊಂಡೆ. ಅವರು ನೋಡಿದ್ರೆ ಕಿವಿ ಚೆನ್ನಾಗಿದೆ ಅಂದ್ರು."

ಮಷಿನಕ್ಕ ಕಿವಿ ಆನಿಸಿದಳು. ಹಗುರವಾದ ಕಟಕಟ, ಸೂಜಿಯ ಕಡೆಯಿಂದ. ಅವಳೇ ಬಿಗಿ ಮಾಡಲು ಮರೆತ ಸ್ಕ್ರೂ. ಕೆನ್ನೆ ಬಿಸಿಯಾಯಿತು.

"ನಿಮ್ಮ ಕಿವಿ ಗಟ್ಟಿಮುಟ್ಟಾಗಿದೆ ಅಣ್ಣಾ. ತಪ್ಪಿದ್ದು ನನ್ನ ಕೈ."

ಸ್ಕ್ರೂ ಬಿಗಿದು, ಕೊಟ್ಟ ಕಾಫಿಯನ್ನೂ ಅರ್ಧಕ್ಕೇ ಬಿಟ್ಟು ಎದ್ದಳು. ಪರದೆ ಹೆಂಗಸಿನ ಮಷಿನ್ ಸರಿಯಾಗಿಯೇ ಇತ್ತು; ಈ ಕಡೆ ಬಂದಿದ್ದೆ, ಹಾಗೇ ನೋಡಿ ಹೋಗೋಣ ಅಂತ ಬಂದೆ ಎಂದು ಹೇಳಿ ಹೊರಬಿದ್ದಳು. ಬ್ಯಾಗ್ ಅಂಗಡಿಯ ಬಾಗಿಲಿನಲ್ಲೇ ಕಟಕಟ ಕೇಳಿಸಿತು. ಒಳಗೆ ಮಾಲೀಕರು ಎರಡೂ ಕಿವಿಗೆ ಔಷಧಿ ಬಿಟ್ಟುಕೊಂಡು, ಹತ್ತಿ ತುರುಕಿಕೊಂಡು, ಗಂಭೀರವಾಗಿ ಕೂತಿದ್ದರು.