ಕೆರೆಯಿಂದ ಬಂದ ಬಸ್ಸಿನ ಸಂದುಗಳು

ಐವತ್ತರ ದಶಕದ ಕೊನೆಯಲ್ಲಿ ನಾನು ಶಿರಾಳಕೊಪ್ಪದ ಒಂದು ಶೆಡ್ಡಿನಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವ ಕೆಲಸಕ್ಕಿದ್ದೆ. ಮರದ ಚೌಕಟ್ಟು, ಅದರ ಮೇಲೆ ತಗಡು. ತಗಡು ಮರಕ್ಕೆ ಸೇರುವ ಸಂದುಗಳಲ್ಲಿ ನೀರಿಳಿಯದ ಹಾಗೆ ಪುಟ್ಟಿ ತುಂಬುವುದು ನನ್ನ ಪಾಲಿಗೆ ಬಂದಿತ್ತು. ಸೀಮೆಸುಣ್ಣದ ಪುಡಿ, ರಾಳ, ಅಗಸೆ ಎಣ್ಣೆ ಸೇರಿಸಿ ಹೋಳಿಗೆಯ ಕಣಕದ ಹದಕ್ಕೆ ನಾದಬೇಕು. ಎಷ್ಟು ತೊಳೆದರೂ ಆ ಎಣ್ಣೆಯ ವಾಸನೆ ಅನ್ನ ಕಲಸುವ ಕೈಯಲ್ಲೇ ಉಳಿದಿರುತ್ತಿತ್ತು.

ಒಂದು ಬೇಸಗೆಯಲ್ಲಿ ಕೆರೆಗೆ ಬಿದ್ದಿದ್ದ ಬಸ್ಸೊಂದು ನಮ್ಮಲ್ಲಿಗೆ ಬಂತು. ಹಿಂದಿನ ಮಳೆಗಾಲದಲ್ಲಿ ಸೊರಬದ ದಾರಿಯ ಕೆರೆ ಏರಿಯಿಂದ ಜಾರಿತ್ತಂತೆ. ಎಲ್ಲರೂ ಬದುಕಿದ್ದರು, ಒಬ್ಬರನ್ನು ಬಿಟ್ಟು. ಬಸ್ಸಿನ ಬಾಡಿ ಎಲ್ಲೋ ದೂರದ ಊರಲ್ಲಿ ಕಟ್ಟಿದ್ದು. ಹಳೆಯ ಪುಟ್ಟಿ ಕೆರೆಯುತ್ತಾ ಹೋದಂತೆ ಒಣಗಿದ ಪಾಚಿ ಪುಡಿಪುಡಿಯಾಗಿ ಉದುರುತ್ತಿತ್ತು. ಕೆಳಗಿನ ಸಂದುಗಳಲ್ಲಿ ಮಾತ್ರ ಪುಟ್ಟಿ ಕಲ್ಲಿನ ಹಾಗೆ ಕಚ್ಚಿಕೊಂಡಿತ್ತು. ನಮ್ಮ ಮೇಸ್ತ್ರಿ ಅದನ್ನು ಉಗುರಿನಿಂದ ತಟ್ಟಿ, ಯಾರೋ ಒಳ್ಳೆಯ ಕೆಲಸಗಾರನೇ ಕಟ್ಟಿದ್ದಾನೆ ಎಂದು ಹೊಗಳಿದರು.

ಕೆಲಸ ಮುಗಿಯುವ ಹೊತ್ತಿಗೆ, ಚಂದ್ರಗುತ್ತಿ ಕಡೆಯ ಒಬ್ಬ ಹೆಂಗಸು ಶೆಡ್ಡಿನ ಬಾಗಿಲಲ್ಲಿ ಬಂದು ನಿಂತರು. ನಲವತ್ತರ ಆಸುಪಾಸು, ಬರಿಹಣೆ. ಕೆರೆಯಲ್ಲಿ ಹೋದದ್ದು ಅವರ ಯಜಮಾನರು. ಬಸ್ಸನ್ನು ಒಂದು ಸಲ ನೋಡಬಹುದೇ ಎಂದು ಕೇಳಿದರು. ಮೇಸ್ತ್ರಿ ಬೇಡವೆನ್ನಲಿಲ್ಲ.

ನಾವು ಆಗ ನೀರಿನ ಪರೀಕ್ಷೆಗೆ ತಯಾರಾಗಿದ್ದೆವು. ಒಬ್ಬರು ಛಾವಣಿಯ ಮೇಲೆ ಕೊಡಗಟ್ಟಲೆ ನೀರು ಸುರಿಯಬೇಕು, ಇನ್ನೊಬ್ಬರು ಒಳಗೆ ಕೂತು ಎಲ್ಲಿ ಹನಿ ಬಂತೆಂದು ಹೇಳಬೇಕು. ಆಕೆ ತಾವಾಗಿಯೇ ಒಳಗೆ ಹೋಗಿ ಮುಂದಿನ ಎಡಮೂಲೆಯ ಸೀಟಿನಲ್ಲಿ ಕೂತರು. ಏಳಿಸುವ ಧೈರ್ಯ ನನಗಾಗಲಿಲ್ಲ. ಮೇಸ್ತ್ರಿ ಮೇಲಿನಿಂದ ಸುರಿದರು, ಗಾಜಿನ ಮೇಲೆ ನೀರು ಇಳಿಯಿತು. ಹೊರಗಿದ್ದ ನನಗೆ ಅದರಾಚೆ ಆಕೆಯ ಮುಖ ಕಲಸಿದಂತೆ ಕಂಡಿತು. ನಾನು ಹತ್ತಿರ ಹೋಗಿ, ಎಲ್ಲಾದರೂ ಸೋರುತ್ತಿದೆಯೇ ಎಂದು ಕೇಳಿದೆ.

"ಇಲ್ಲ ತಮ್ಮಾ. ಆವತ್ತೂ ಸೋರ್ಲಿಲ್ಲ."

ಆಮೇಲೆ ಮೆಲ್ಲಗೆ ಹೇಳತೊಡಗಿದರು. ಬಸ್ಸು ಜಾರಿದಾಗ ಏಟು ಬಿದ್ದು ಯಜಮಾನರಿಗೆ ಎಚ್ಚರ ತಪ್ಪಿತ್ತಂತೆ. ಜೊತೆಗಿದ್ದ ಆಕೆಯನ್ನು ಯಾರೋ ಕಿಟಕಿಯಿಂದ ಹೊರಗೆಳೆದಿದ್ದರು. ಊರಿನವರು ಎತ್ತು ಕಟ್ಟಿ ಬಸ್ಸನ್ನು ಏರಿಗೆ ಎಳೆದಾಗ, ಒಳಗೆ ಹೊಕ್ಕಿದ್ದ ನೀರೆಲ್ಲ ಬಾಗಿಲಿಂದ ಹೊರಗೆ ಬಿತ್ತು. ಆದರೆ ಬಸ್ಸು ವಾಲಿದ್ದರಿಂದ ಈ ಮೂಲೆಯಲ್ಲಿ ಮೊಣಕಾಲುದ್ದ ನೀರು ನಿಂತೇ ಇತ್ತು. ಯಜಮಾನರು ಅದರಲ್ಲಿ ಮುಖ ಕೆಳಗಾಗಿ ಬಿದ್ದಿದ್ದರು.

"ನೀರು ಒಳಗೆ ಬಂದದ್ದು ನಂಗೆ ಗೊತ್ತಾಗ್ಲಿಲ್ಲ. ಹೊರಗೆ ಹೋಗ್ಲಿಲ್ಲ ಅನ್ನೋದೊಂದೇ ಗೊತ್ತು," ಎಂದರು. "ಇಲ್ಲೊಂದು ಕಡೆ ಹಚ್ಚಬೇಡ. ಹೋಗೋಕೆ ದಾರಿ ಇರ್ಲಿ."

ನನ್ನ ಬೆರಳುಗಳಿಗೆ ಅಂಟಿದ್ದ ಪುಟ್ಟಿಯನ್ನು ಬೆನ್ನ ಹಿಂದೆ ಒರೆಸಿಕೊಂಡೆ. ಛಾವಣಿಯಿಂದ ಇಳಿದ ಮೇಸ್ತ್ರಿಗೆ ಹೇಗೋ ವಿಷಯ ತಿಳಿಸಿದೆ. ಅವರು ಬೈರಿಗೆ ತಂದು ಆ ಮೂಲೆಯ ತಳದ ಹಲಗೆಗೆ ಹೆಬ್ಬೆರಳು ಹೋಗುವಷ್ಟು ತೂತು ಕೊರೆದರು. ಧೂಳು ಬರುತ್ತದೆ ಎಂದು ಬಸ್ಸಿನ ಮಾಲೀಕ ಆಮೇಲೆ ಗೊಣಗಿದ. ನೀರು ನಿಂತರೆ ಮರ ಕೊಳೆಯುತ್ತದೆ ಎಂದು ಮೇಸ್ತ್ರಿ ಅವನ ಬಾಯಿ ಮುಚ್ಚಿಸಿದರು. ಆಕೆ ಬಗ್ಗಿ, ತೂತಿನೊಳಗೆ ನೆಲ ಕಾಣುತ್ತದೆಯೇ ಎಂದು ನೋಡಿ, ಸೆರಗು ಸರಿಮಾಡಿಕೊಂಡು ಹೊರಟುಹೋದರು. ಮತ್ತೆ ಅವರನ್ನು ನಾನು ಕಾಣಲಿಲ್ಲ.

ಆಮೇಲೆ ಎಷ್ಟೋ ಬಸ್ಸು ಕಟ್ಟಿದೆವು. ಸಂದು ಮುಚ್ಚುತ್ತಾ ಕೊನೆಯ ಗೇಣಿಗೆ ಬಂದಾಗ, ಒಳಗೆ ಯಾರೋ ಇದ್ದಾರೆ ಅನ್ನಿಸಿ ಕೈ ನಿಲ್ಲುತ್ತಿತ್ತು. ಒಳಗೆ ಹೋಗಿ ಇಣುಕಿ ನೋಡಿ ಬಂದ ಮೇಲೇ ಮುಂದಿನ ಕೆಲಸ.

ಆ ಬೇಸಗೆಯ ಬೆನ್ನಿಗೇ ಬಂದ ಮಳೆಗಾಲದಲ್ಲಿ ಅದೇ ಬಸ್ಸಿನಲ್ಲಿ ಸೊರಬಕ್ಕೆ ಹೋಗಬೇಕಾಯಿತು. ಸಂತೆಯ ದಿನ, ಜನ ಕಿಕ್ಕಿರಿದಿದ್ದರು. ಬಸ್ಸು ಆ ಕೆರೆಯ ಏರಿಗೆ ಬಂದಾಗ ಮಾತು ತಾನಾಗಿ ನಿಂತಿತು. ಕಂಡಕ್ಟರ್ ಕೂಡ ಟಿಕೇಟು ಹರಿಯುವುದನ್ನು ಬಿಟ್ಟು ಕಂಬಿ ಹಿಡಿದು ನಿಂತ. ಅಷ್ಟು ಜನ ನಿಂತಿದ್ದರೂ ಎಡಮೂಲೆಯ ಸೀಟು ಖಾಲಿ ಇತ್ತು. ನಾನೂ ಕೂರಲಿಲ್ಲ.