ಕನ್ನಡಿಯ ಮೇಲೆ ತಿರುಗದ ಬ್ಯಾಟರಿ

ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ, ತಲೆ ಬಾಚಿಕೊಳ್ಳುತ್ತಿದ್ದವಳು ಹಣಿಗೆಯನ್ನು ಕೂದಲಲ್ಲೇ ಸಿಕ್ಕಿಸಿ, ಕೈಗನ್ನಡಿಯನ್ನು ನೆಲದ ಮೇಲೆ ಅಂಗಾತ ಇಟ್ಟು, ಮಗ್ಗ ನೇಯುವ ನನ್ನ ಚಿಕ್ಕಪ್ಪ, ಕಾಕಾ, ಚಾಚಿದ ಮೊಬೈಲ್ ಬ್ಯಾಟರಿಯನ್ನು ಅದರ ಮೇಲಿರಿಸಿ ಬೆರಳಿನಿಂದ ಮೀಟಿದೆ. ಅದು ತಿರುಗಲಿಲ್ಲ. “ಛಲೋ ಐತ್ರಿ” ಎಂದೆ. ಬೆಂಕಿ ಹತ್ತಿದ್ದು ಮಧ್ಯಾಹ್ನ. ಆದರೂ ಗೆಳೆಯರೇ, ಎಲ್ಲವೂ ಕೆಡಲು ಮೊದಲಾದ ಗಳಿಗೆ ಇದೇ.

ಈ ಪರೀಕ್ಷೆಯನ್ನು ನೀವೂ ಕಂಡಿರಬಹುದು. ಒಳಗೆ ಅನಿಲ ತುಂಬಿ ಹೊಟ್ಟೆ ಉಬ್ಬಿದ ಬ್ಯಾಟರಿ ನುಣುಪು ಗಾಜಿನ ಮೇಲೆ ಬುಗುರಿಯಂತೆ ಸುತ್ತುತ್ತದೆ. ಸಮತಟ್ಟಾದದ್ದು ಕಚ್ಚಿಕೊಂಡು ನಿಲ್ಲುತ್ತದೆ. ಕನ್ನಡಿಯಾದರೆ ಇನ್ನೂ ಅನುಕೂಲ, ಉಬ್ಬಿದ ವಸ್ತುವಿಗೂ ಅದರ ಬಿಂಬಕ್ಕೂ ನಡುವೆ ಬೆಳಕಿನ ಸಂದೊಂದು ಕಾಣುತ್ತದೆ. ಇಚಲಕರಂಜಿಯ ರಿಪೇರಿ ಅಂಗಡಿಯೊಂದರಲ್ಲಿ ನೋಡಿ ಕಲಿತ ಇದನ್ನು, ಬಿ.ಎಸ್ಸಿ. ಮುಗಿಸಿದವಳೆಂಬ ಬಿಂಕದಲ್ಲಿ, ಕೊರೋಚಿಯ ನಮ್ಮ ಓಣಿಗೆಲ್ಲ ಮಾಡಿ ತೋರಿಸುತ್ತಿದ್ದೆ. ತಿರುಗಿದ್ದು ಕೆಟ್ಟಿದೆ ಎಂಬುದು ನಿಜ. ತಿರುಗದ್ದೆಲ್ಲ ಒಳ್ಳೆಯದು ಎಂಬುದನ್ನು ಮಾತ್ರ ನಾನೇ ಸೇರಿಸಿದ್ದೆ.

ನಾಲ್ಕು ದಿನ ಮೊದಲು ಕಾಕಾ ತಂದ ಬ್ಯಾಟರಿ ಮೂರು ಸುತ್ತು ತಿರುಗಿತ್ತು. “ಒಗೀರಿ ಇದನ್ನ” ಎಂದಿದ್ದೆ. ಆ ಹಳೆಯ ಗುಂಡಿಯ ಫೋನಿಗೆ ಬೇರೆ ಬ್ಯಾಟರಿ ಎಲ್ಲೂ ಸಿಗುತ್ತಿರಲಿಲ್ಲ. ಇಂದು ತಿರುಗದ್ದನ್ನು ಕಂಡು ಹೊಸದು ಸಿಕ್ಕಿರಬೇಕು ಎಂದುಕೊಂಡೆ, ಕೇಳಲಿಲ್ಲ. “ಕಾಲೇಜಿನ್ಯಾಕಿ ಪರೀಕ್ಷಾದಾಗ ಪಾಸಾತು ನೋಡು” ಎಂದು ಕಾಕಾ ನಕ್ಕು, ಫೋನನ್ನು ಕಿಸೆಗೆ ಹಾಕಿಕೊಂಡು ಮಗ್ಗದ ಶೆಡ್ಡಿಗೆ ಹೋದರು.

ಮಧ್ಯಾಹ್ನ ಬುತ್ತಿ ಒಯ್ದಾಗ ಫೋನು ಚಾರ್ಜಿಗೆ ಹಚ್ಚಿ ನೂಲಿನ ಚೀಲದ ಮೇಲಿತ್ತು. ಮಗ್ಗಗಳ ಗದ್ದಲದಲ್ಲಿ ಸಿಡಿದ ಸದ್ದು ಕೇಳಿಸಲಿಲ್ಲ. ಬಿಳಿಯ ಹೊಗೆ ಕಂಡಿತು, ಅದನ್ನೂ ಹತ್ತಿಯ ಧೂಳೆಂದೇ ಬಗೆದೆ. ಕಾಕಾ ಹಾಗೆ ಬಗೆಯಲಿಲ್ಲ. ಉರಿಯುವುದನ್ನು ಬಲಗೈಯಲ್ಲಿ ಹಿಡಿದು ಹನ್ನೆರಡು ಹೆಜ್ಜೆ ಓಡಿ ಅಂಗಳಕ್ಕೆ ಎಸೆದರು. ಶೆಡ್ಡು ಉಳಿಯಿತು. ನಾನು ಬುತ್ತಿ ಹಿಡಿದು ನಿಂತೇ ಇದ್ದೆ. ಆ ಹನ್ನೆರಡು ಹೆಜ್ಜೆಗಳನ್ನು ಈಗಲೂ ಎಣಿಸುತ್ತೇನೆ. ಒಮ್ಮೊಮ್ಮೆ ಮನಸ್ಸಿನಲ್ಲೇ ಏಳನೆಯದಕ್ಕೆ ಅಡ್ಡ ಬಂದು ಆ ಉರಿಯುವ ಫೋನನ್ನು ಕಿತ್ತುಕೊಳ್ಳುತ್ತೇನೆ, ಮರುಕ್ಷಣ ಮತ್ತೆ ಬುತ್ತಿ ಹಿಡಿದು ನಿಂತಿರುತ್ತೇನೆ.

ಕೊಲ್ಹಾಪುರದ ಆಸ್ಪತ್ರೆಯಲ್ಲಿ, ಸುಟ್ಟ ಬಲಗೈಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ ಕಾಕಾ ಹೇಳಿದರು: “ಅದು ಮೊದಲಿನದ ಇತ್ತು ಯವ್ವಾ. ಮಗ್ಗದ ತೂಕದ ಕೆಳಗ ಎರಡು ದಿನಾ ಇಟ್ಟು ಮಟ್ಟಸ ಮಾಡಿದ್ದೆ. ತಪ್ಪ ನಂದ.” ನೇಕಾರರ ಮನೆಯಲ್ಲಿ ಸುರುಳಿಗಟ್ಟಿದ ಕಾಗದ, ಮುದುರಿದ ಬಟ್ಟೆ, ಡೊಂಕಾದ ರಟ್ಟು ಎಲ್ಲವೂ ಆ ಕಬ್ಬಿಣದ ತೂಕದ ಕೆಳಗೆ ನೆಟ್ಟಗಾಗುತ್ತವೆ. ನನ್ನ ಪರೀಕ್ಷೆ ಬೇಡಿದ್ದೂ ನೆಟ್ಟಗಿರುವುದನ್ನಷ್ಟೇ ಅಲ್ಲವೇ? ಒತ್ತಡಕ್ಕೆ ಒಳಗಿನ ಪದರ ಹರಿದದ್ದನ್ನು ಅದು ಕೇಳುವುದಿಲ್ಲ.

ಹರಿದ ಎಳೆಗೆ ಗಂಟು ಹಾಕುವ ಎರಡು ಬೆರಳು ಮಡಚಿಯಾವೋ ಇಲ್ಲವೋ, ಪಟ್ಟಿ ಬಿಚ್ಚಿದ ಮೇಲೆ ನೋಡೋಣ ಎಂದರು ಡಾಕ್ಟರು. ಗಂಟು ಹಾಕಲಾರದ ಕೈಗೆ ಮಗ್ಗವಿಲ್ಲ. ಮನೆಗೆ ಬಂದ ಮೇಲೆ ದಿನವೂ “ಆರಾಮ ಅದೀರಿ?” ಎಂದು ಕೇಳುತ್ತಿದ್ದೆ. “ಆರಾಮ” ಎನ್ನುತ್ತಿದ್ದರು. ನಾನು ಒಳಗೆ ಹೋಗುತ್ತಿದ್ದೆ. ಮನುಷ್ಯರಿಗೂ ನಾವು ಇಂಥದೇ ಅರ್ಧ ನಿಮಿಷದ ಪರೀಕ್ಷೆಯೊಂದನ್ನು ಇಟ್ಟುಕೊಂಡಿದ್ದೇವೆ. ಅದರಲ್ಲಿ ಪಾಸಾಗಲು ಎಲ್ಲರೂ ತಮ್ಮ ತಮ್ಮ ಎದೆಯ ಮೇಲೆ ಒಂದೊಂದು ತೂಕ ಹೇರಿಕೊಂಡಿರುತ್ತಾರೆ. ರಾತ್ರಿಯೆಲ್ಲ ಎಚ್ಚರವಿರುತ್ತಿದ್ದ ನಾನು ಕೂಡ, ಯಾರಾದರೂ ಕೇಳಿದರೆ, ನಿದ್ದೆ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದೆ.

ಪಟ್ಟಿ ಬಿಚ್ಚಿದರು. ಒಂದು ಬುಧವಾರ ಕಾಕಾ ಹೊಸ್ತಿಲಲ್ಲಿ ಕುಳಿತು ತುಂಡು ನೂಲಿಗೆ ಗಂಟು ಹಾಕಲು ನೋಡುತ್ತಿದ್ದರು. ಬೆರಳುಗಳು ಕಡ್ಡಿಯಂತೆ ನಿಂತಿದ್ದವು. ಕೇಳಿದೆ, “ಆರಾಮ” ಎಂದರು. ಆ ದಿನ ಒಳಗೆ ಹೋಗಲಿಲ್ಲ. ಪಕ್ಕದಲ್ಲಿ ಕುಳಿತು ಇನ್ನೊಮ್ಮೆ ಕೇಳಿದೆ.

ಕಾಕಾ ನೂಲನ್ನು ಕೆಳಗಿಟ್ಟರು. “ಇಲ್ಲ ಯವ್ವಾ. ಕೈ ಹೋತು. ಸಿಟ್ಟ ಭಾಳ ಐತಿ. ನಿನ್ನ ಮ್ಯಾಲೂ ಐತಿ.”

“ಇರಲ್ರಿ” ಎಂದೆ. ಕತ್ತಲಾಗುವವರೆಗೆ ಅಲ್ಲೇ ಕುಳಿತಿದ್ದೆವು.

ಬ್ಯಾಟರಿ ಮೀಟಿದ ದಿನದಿಂದ ಅಂಗಾತ ಬಿದ್ದಲ್ಲೇ ಬಿದ್ದಿದ್ದ ಕೈಗನ್ನಡಿಯನ್ನು ಎತ್ತಿ, ಧೂಳು ಒರೆಸಿ, ಮೊಳೆಗೆ ತೂಗುಹಾಕಿದೆ. ಅದರಲ್ಲಿ ನನ್ನ ಮುಖವಷ್ಟೇ ಇತ್ತು, ಒಳಗಿನದೇನೂ ಇರಲಿಲ್ಲ. ಕಾಕಾ ಮತ್ತೆ ಮಗ್ಗಕ್ಕೆ ಹೋಗಲಿಲ್ಲ. ಆದರೆ ಆ ಬುಧವಾರ ಮಲಗಿದವಳಿಗೆ ಎಚ್ಚರವಾದದ್ದು ಗುರುವಾರ ಬೆಳಗಾದ ಮೇಲೆ.